ಖಾತೆ ಪುಸ್ತಕ ತೆರೆಸಿದ ವಕೀಲ: ಸರ್ ಛೋಟು ರಾಮ್



ಸುಗ್ಗಿ ಮುಗಿದ ಮೇಲೆ ಮಾಲು ಹೇರಿಕೊಂಡು ಪೇಟೆಗೆ ಹೋಗುತ್ತೀರಿ. ಅಂಗಡಿಯ ಮುಂದೆ ಚೀಲ ಇಳಿಸುತ್ತೀರಿ. ಸವಾಲು ಆಗುತ್ತದೆ, ತೂಕ ಆಗುತ್ತದೆ, ಕೊನೆಗೆ ಒಂದು ಪಟ್ಟಿ ನಿಮ್ಮ ಕೈಗೆ ಬರುತ್ತದೆ. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಏನೇನು ಕಳೆದಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಮಡಚಿ ಜೇಬಿಗೆ ಸೇರಿಸಿ, ಹಣ ಎಣಿಸಿಕೊಂಡು, ಬಸ್ಸು ತಪ್ಪೀತೆಂಬ ಅವಸರದಲ್ಲಿ ಊರಿಗೆ ಹೊರಡುತ್ತೀರಿ. ಆ ಪಟ್ಟಿಯನ್ನು ಮನೆಯಲ್ಲಿ ಕುಳಿತು ಸಾವಧಾನವಾಗಿ ಓದುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಒಂದು ಕಾಲದಲ್ಲಿ ರೈತನ ಕೈಗೆ ಇಂಥ ಪಟ್ಟಿ ಬರುತ್ತಲೇ ಇರಲಿಲ್ಲ. ಮಾಲು ಅವನದು, ಲೆಕ್ಕ ಮಾತ್ರ ಇನ್ನೊಬ್ಬರದು. ಸಾಲದ ವಿಷಯದಲ್ಲಿಯೂ ಅಷ್ಟೇ. ಸಾಲ ತೀರಿಸುವವನು ರೈತ, ಎಷ್ಟು ತೀರಿತು ಎಂದು ಹೇಳುವವನು ಸಾಹುಕಾರ. ಈ ಪರಿಸ್ಥಿತಿಯನ್ನು ಬದಲಿಸಲು ದೇಶದ ಬೇರೆ ಬೇರೆ ಭಾಗಗಳಲ್ಲಿ ಅನೇಕರು ದುಡಿದರು. ಅವರಲ್ಲಿ ಮುಖ್ಯರಾದವರು ಪಂಜಾಬಿನ ಸರ್ ಛೋಟು ರಾಮ್. ಹರಿಯಾಣ, ಪಂಜಾಬಿನ ಹಳ್ಳಿಗಳಲ್ಲಿ ಮನೆಮಾತಾದ ಈ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬಂದಿಲ್ಲ. ಅವರ ಜೀವನವನ್ನು ತಿಳಿದುಕೊಂಡರೆ ನಿಮ್ಮ ಜೇಬಿನಲ್ಲಿರುವ ಆ ಪಟ್ಟಿಯ ಬೆಲೆ ಏನೆಂದು ನಿಮಗೇ ಗೊತ್ತಾಗುತ್ತದೆ.

ಪಂಖಾ ಎಳೆದ ತಂದೆ

ಛೋಟು ರಾಮ್ ಹುಟ್ಟಿದ್ದು 1881ರ ನವೆಂಬರ್ 24ರಂದು, ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾ ಎಂಬ ಹಳ್ಳಿಯಲ್ಲಿ. ಇದು ಈಗ ಹರಿಯಾಣ ರಾಜ್ಯದಲ್ಲಿದೆ. ಆಗ ಅದೆಲ್ಲವೂ ಬ್ರಿಟಿಷರ ಪಂಜಾಬ್ ಪ್ರಾಂತ. ಮನೆಯಲ್ಲಿ ಇಟ್ಟ ಹೆಸರು ರಾಮ್ ರಿಛ್‌ಪಾಲ್. ಸಹೋದರರಲ್ಲಿ ಕೊನೆಯವನಾದ್ದರಿಂದ ಎಲ್ಲರೂ ಛೋಟು, ಅಂದರೆ ಚಿಕ್ಕವನು, ಎಂದು ಕರೆಯುತ್ತಿದ್ದರು. ಶಾಲೆಯ ದಾಖಲೆಯಲ್ಲಿಯೂ ಅದೇ ಹೆಸರು ಸೇರಿತು. ಕೊನೆಯವರೆಗೆ ಅದೇ ಉಳಿಯಿತು.

ಜಾಟ್ ಒಕ್ಕಲು ಮನೆತನ. ಇದ್ದದ್ದು ಮಳೆಯನ್ನೇ ನಂಬಿದ ಸುಮಾರು 10 ಎಕರೆ ಒಣಭೂಮಿ. ತಂದೆ ಸುಖಿ ರಾಮ್ ಸಾಲದಲ್ಲಿಯೂ ಕೋರ್ಟು ವ್ಯಾಜ್ಯದಲ್ಲಿಯೂ ಸಿಕ್ಕಿಕೊಂಡಿದ್ದವರು. ಹುಡುಗನಿಗೆ ಓದಿನಲ್ಲಿ ಆಸಕ್ತಿ. ಊರ ಬಳಿಯ ಶಾಲೆ ಮುಗಿಸಿ, ಮೈಲಿಗಟ್ಟಲೆ ದೂರದ ಝಜ್ಜರ್‌ನಲ್ಲಿ ಮಿಡ್ಲ್ ಸ್ಕೂಲ್ ಪಾಸು ಮಾಡಿದ. ಮುಂದೆ ಓದಬೇಕಾದರೆ ದಿಲ್ಲಿಗೆ ಹೋಗಬೇಕು, ಅದಕ್ಕೆ ಹಣ ಬೇಕು.

ತಂದೆ ಮಗನನ್ನು ಕರೆದುಕೊಂಡು ಸಾಂಪ್ಲಾದ ಸಾಹುಕಾರನ ಅಂಗಡಿಗೆ ಹೋದರು. ಬೇಸಿಗೆಯ ದಿನ. ಸಾಹುಕಾರ ಕುಳಿತಿದ್ದ, ಪಕ್ಕದಲ್ಲಿ ಅವನ ಮಗನೂ ಸುಮ್ಮನೆ ಕುಳಿತಿದ್ದ. ಸಾಲದ ಮಾತು ಎತ್ತುವ ಮೊದಲೇ ಸಾಹುಕಾರ ಚಾವಣಿಗೆ ತೂಗುಹಾಕಿದ್ದ ಬಟ್ಟೆಯ ಪಂಖಾದ ಹಗ್ಗವನ್ನು ಸುಖಿ ರಾಮ್ ಕಡೆಗೆ ಎಸೆದು ಗಾಳಿ ಬೀಸಲು ಹೇಳಿದ. ವಯಸ್ಸಾದ ರೈತ ಮರುಮಾತಾಡದೆ ಹಗ್ಗ ಎಳೆಯತೊಡಗಿದ. ಮಗನಿಗೆ ಇದನ್ನು ಸಹಿಸಲಾಗಲಿಲ್ಲ. ಹರೆಯದ ಮಗ ಪಕ್ಕದಲ್ಲೇ ಇರುವಾಗ ಹಿರಿಯನೊಬ್ಬನಿಂದ ಪಂಖಾ ಎಳೆಸಲು ನಾಚಿಕೆಯಾಗುವುದಿಲ್ಲವೇ ಎಂದು ಅವನು ಅಲ್ಲೇ ಸಾಹುಕಾರನನ್ನು ಕೇಳಿದ. ಛೋಟು ರಾಮ್ ಅವರ ಜೀವನ ಚರಿತ್ರೆ ಬರೆದವರು ಈ ಘಟನೆಯನ್ನು ಹೇಳುತ್ತಾರೆ.

ಆ ರೈತ ಹಗ್ಗ ಏಕೆ ಹಿಡಿದ? ಅವನು ಕೂಲಿಯವನಲ್ಲ, ಭೂಮಿಯ ಒಡೆಯ. ಆದರೆ ಅವನ ಸಾಲದ ಲೆಕ್ಕ ಸಾಹುಕಾರನ ಪೆಟ್ಟಿಗೆಯಲ್ಲಿತ್ತು. ಎದುರು ಮಾತಾಡಿದರೆ ಆ ಲೆಕ್ಕ ಏನಾದರೂ ಆಗಬಹುದು. ಸಾಲವೇ ಶೂಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ವಕೀಲನಾದ ರೈತನ ಮಗ

ಕಷ್ಟಪಟ್ಟು ಹುಡುಗ ದಿಲ್ಲಿಯ ಕ್ರಿಶ್ಚಿಯನ್ ಮಿಷನ್ ಶಾಲೆ ಸೇರಿದ. ಕಲಕತ್ತೆಯಲ್ಲಿ ಸೆಣಬಿನ ವ್ಯಾಪಾರದಿಂದ ಮುಂದೆ ಬಂದಿದ್ದ ಸೇಠ್ ಛಾಜು ರಾಮ್ ಎಂಬ ಉದಾರಿಯ ನೆರವು ದೊರೆಯಿತು. ವ್ಯಾಪಾರಿಗಳೆಲ್ಲ ಒಂದೇ ತರಹದವರಲ್ಲ ಎಂಬುದನ್ನೂ ಛೋಟು ರಾಮ್ ತಮ್ಮ ಜೀವನದಲ್ಲೇ ಕಂಡರು. 1905ರಲ್ಲಿ ಸೇಂಟ್ ಸ್ಟೀಫನ್ಸ್ ಕಾಲೇಜಿನಿಂದ ಪದವಿ ಪಡೆದರು. ಕಾಲಾಕಾಂಕರ್ ರಾಜರ ಬಳಿ ಕೆಲಸ ಮಾಡಿದರು, ಅವರ ಪತ್ರಿಕೆಯನ್ನೂ ನೋಡಿಕೊಂಡರು. 1911ರಲ್ಲಿ ಆಗ್ರಾದಲ್ಲಿ ಕಾನೂನು ಪದವಿ ಪಡೆದು, ಮರುವರ್ಷ ರೋಹ್ತಕ್‌ನಲ್ಲಿ ವಕೀಲಿ ಆರಂಭಿಸಿದರು. 1913ರಲ್ಲಿ ಅಲ್ಲಿ ರೈತರ ಮಕ್ಕಳಿಗಾಗಿ ಒಂದು ಹೈಸ್ಕೂಲು ಸ್ಥಾಪನೆಯಾಗುವುದರಲ್ಲಿ ಮುಂದಾಳಾದರು. 1916ರಲ್ಲಿ ಜಾಟ್ ಗೆಜೆಟ್ ಎಂಬ ವಾರಪತ್ರಿಕೆ ಹೊರಡಿಸಿದರು.

ಕೋರ್ಟಿನಲ್ಲಿ ಅವರು ಕಂಡದ್ದು ಏನು? ಸಾಹುಕಾರ ಬಹಿ ತಂದು ನ್ಯಾಯಾಧೀಶರ ಮುಂದೆ ಇಡುತ್ತಿದ್ದ. ಬಹಿ ಎಂದರೆ ಕೆಂಪು ಬಟ್ಟೆ ಸುತ್ತಿದ ಖಾತೆ ಪುಸ್ತಕ. ವ್ಯಾಪಾರಿಗಳು ತಮ್ಮೊಳಗೆ ಬಳಸುವ ಲಂಡಾ ಲಿಪಿಯಲ್ಲಿ ಬರೆದದ್ದು. ರೈತನಿಗಂತೂ ಅದು ಓದಲು ಬಾರದು. ಬರೆದದ್ದರ ಕೆಳಗೆ ರೈತನ ಹೆಬ್ಬೆಟ್ಟಿನ ಗುರುತು. ರೈತನ ಬಳಿ ರಸೀದಿ ಇಲ್ಲ, ಸಾಕ್ಷಿ ಇಲ್ಲ. ಸುಗ್ಗಿಯಲ್ಲಿ ಕಾಳು ಅಳೆದುಕೊಟ್ಟದ್ದು ಬಡ್ಡಿಗೆ ಹೋಯಿತೋ ಅಸಲಿಗೆ ಹೋಯಿತೋ ಅವನಿಗೆ ತಿಳಿಯದು. ಕಾಗದ ಯಾರ ಕಡೆ ಇದೆಯೋ ಡಿಕ್ರಿ ಅವರ ಕಡೆ ಆಗುತ್ತಿತ್ತು. ನ್ಯಾಯಾಧೀಶರು ಕೆಟ್ಟವರೆಂದಲ್ಲ, ಕಾಯಿದೆ ಇದ್ದದ್ದೇ ಹಾಗೆ.

ಬಡ್ಡಿಯ ಲೆಕ್ಕವನ್ನು ನೀವೇ ಹಾಕಿ ನೋಡಿ. ನೂರು ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 25ರಂತೆ ಚಕ್ರಬಡ್ಡಿ ಹಾಕಿದರೆ 3 ವರ್ಷಕ್ಕೆ ಸುಮಾರು 195 ರೂಪಾಯಿ ಆಗುತ್ತದೆ. 10 ವರ್ಷಕ್ಕೆ 931 ರೂಪಾಯಿ ದಾಟುತ್ತದೆ. ಯಾವ ಹೊಲದ ಬೆಳೆ ಈ ವೇಗದಲ್ಲಿ ಬೆಳೆದೀತು?

ಇದು ಒಬ್ಬಿಬ್ಬರ ಕಷ್ಟವಾಗಿರಲಿಲ್ಲ. ಪಂಜಾಬಿನಲ್ಲಿ ಸಹಕಾರ ಇಲಾಖೆಯ ಅಧಿಕಾರಿಯಾಗಿದ್ದ ಮಾಲ್ಕಮ್ ಡಾರ್ಲಿಂಗ್ 1925ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಾವು ಪರಿಶೀಲಿಸಿದ ಹಿಡುವಳಿದಾರರಲ್ಲಿ ನೂರಕ್ಕೆ 83 ಮಂದಿ ಸಾಲಗಾರರೆಂದು ತೋರಿಸಿದರು. ಪ್ರಾಂತದ ಒಟ್ಟು ಕೃಷಿ ಸಾಲ ಸುಮಾರು 90 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದರು. 1930ರ ಹೊತ್ತಿಗೆ ಬ್ಯಾಂಕಿಂಗ್ ವಿಚಾರಣಾ ಸಮಿತಿ ಅದನ್ನು 135 ಕೋಟಿ ಎಂದು ಲೆಕ್ಕ ಹಾಕಿತು. ಅದೇ ವೇಳೆಗೆ ಜಗತ್ತಿನಾದ್ಯಂತ ಧಾನ್ಯದ ಬೆಲೆ ಕುಸಿಯಿತು. ಗೋಧಿಯ ಬೆಲೆ ಅರ್ಧಕ್ಕೆ ಇಳಿದರೆ, ಅದೇ ಸಾಲ ತೀರಿಸಲು ಎರಡರಷ್ಟು ಗೋಧಿ ಮಾರಬೇಕು. ಸಾಲದ ಅಂಕಿ ಹೆಚ್ಚದಿದ್ದರೂ ಭಾರ ಇಮ್ಮಡಿಯಾಯಿತು.

ಒಂದೊಂದೇ ಮೊಕದ್ದಮೆ ನಡೆಸಿ ಒಬ್ಬೊಬ್ಬನನ್ನೇ ಉಳಿಸುವುದು ಆಗದ ಮಾತು, ಕಾಯಿದೆಯನ್ನೇ ಬದಲಿಸಬೇಕು ಎಂಬ ತೀರ್ಮಾನಕ್ಕೆ ಛೋಟು ರಾಮ್ ಬಂದರು.

ಶಾಸನ ಸಭೆಯಲ್ಲಿ

1916ರಿಂದ 1920ರವರೆಗೆ ಅವರು ರೋಹ್ತಕ್ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ಅಸಹಕಾರ ಚಳವಳಿ ಬಂದಾಗ ಅದರ ದಾರಿಯನ್ನು ಒಪ್ಪದೆ ಹೊರಬಂದರು. ಕಂದಾಯ ಕೊಡದೆ ಕಾಯಿದೆ ಮುರಿದರೆ ರೈತನ ಭೂಮಿಯೇ ಹೋದೀತು ಎಂಬುದು ಅವರ ಭಯ. ಈ ನಿಲುವಿಗಾಗಿ ಅವರನ್ನು ಸರ್ಕಾರದ ಪಕ್ಷಪಾತಿ ಎಂದು ಟೀಕಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ.

1923ರಲ್ಲಿ ಫಜಲ್-ಇ-ಹುಸೇನ್ ಅವರೊಡನೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ಒಕ್ಕಲಿಗರನ್ನು ಮತದ ಭೇದವಿಲ್ಲದೆ ಒಂದುಗೂಡಿಸಿದ ಪಕ್ಷ ಅದು. 1924ರಿಂದ 1926ರವರೆಗೆ ಛೋಟು ರಾಮ್ ಕೃಷಿ ಮಂತ್ರಿಯಾಗಿದ್ದರು. ಲೇವಾದೇವಿಗಾರರನ್ನು ಹತೋಟಿಗೆ ತರುವ ಮಸೂದೆಯೊಂದು ಆ ಕಾಲದಲ್ಲಿ ಸಭೆಯಲ್ಲಿ ಪಾಸಾದರೂ ಗವರ್ನರ್ ಒಪ್ಪಿಗೆ ಕೊಡಲಿಲ್ಲ. ರೈತಪಕ್ಷ ಕೈಬಿಡಲಿಲ್ಲ. 1930ರಲ್ಲಿ ಲೆಕ್ಕಪತ್ರ ನಿಯಂತ್ರಣ ಕಾಯಿದೆ ಬಂತು. ಸಾಲ ಕೊಟ್ಟವನು ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡಬೇಕು, ಅಸಲು ಬಡ್ಡಿಗಳನ್ನು ಪ್ರತ್ಯೇಕವಾಗಿ ತೋರಿಸಬೇಕು, ಆರು ತಿಂಗಳಿಗೊಮ್ಮೆ ಲಿಖಿತ ಪಟ್ಟಿಯನ್ನು ಸಾಲಗಾರನಿಗೆ ಕೊಡಬೇಕು. ಹೀಗೆ ಮಾಡದಿದ್ದರೆ ಕೋರ್ಟಿನಲ್ಲಿ ಬಡ್ಡಿ ಕಳೆದುಕೊಳ್ಳಬೇಕಾಗುತ್ತಿತ್ತು. ಸಾಹುಕಾರನ ಪೆಟ್ಟಿಗೆಯ ಬೀಗ ಮೊದಲು ತೆರೆದದ್ದು ಹೀಗೆ.

1934ರಲ್ಲಿ ಋಣಭಾರ ಪರಿಹಾರ ಕಾಯಿದೆ ಆಯಿತು. ಕೋರ್ಟು ಕೊಟ್ಟ ಹಣದ ಎರಡರಷ್ಟನ್ನು ಮೀರಿ ಡಿಕ್ರಿ ಮಾಡಬಾರದು, ರೈತ ಮೊದಲೇ ಕೊಟ್ಟದ್ದನ್ನು ಅದರಲ್ಲಿ ಕಳೆಯಬೇಕು ಎಂಬುದು ಅದರ ಮುಖ್ಯ ನಿಯಮ. ಮೇಲೆ ಹೇಳಿದ 931 ರೂಪಾಯಿಯ ಸಾಲ ಈ ನಿಯಮದಿಂದ 200ಕ್ಕೆ ನಿಲ್ಲುತ್ತಿತ್ತು. ಸಾಹುಕಾರನನ್ನೂ ಸಾಲಗಾರನನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಮಂಡಳಿಗಳಿಗೂ ಅದರಲ್ಲಿ ಅವಕಾಶವಿತ್ತು. ಹಾಲು ಕರೆಯುವ ದನಗಳನ್ನು ಜಪ್ತಿ ಮಾಡದಂತೆ ಈ ಕಾಯಿದೆಯೂ ಮುಂದಿನ ತಿದ್ದುಪಡಿಗಳೂ ತಡೆದವು.

ಮಂತ್ರಿಯಾಗಿ ಮಾಡಿದ ಕೆಲಸ

1937ರ ಚುನಾವಣೆಯಲ್ಲಿ ಯೂನಿಯನಿಸ್ಟ್ ಪಕ್ಷ ಗೆದ್ದು ಸಿಕಂದರ್ ಹಯಾತ್ ಖಾನ್ ಮುಖ್ಯರಾದರು, ಛೋಟು ರಾಮ್ ಅಭಿವೃದ್ಧಿ ಮಂತ್ರಿಯಾದರು. ಮುಂದೆ ಕಂದಾಯ ಖಾತೆಯನ್ನೂ ನೋಡಿಕೊಂಡರು. ಸರ್ ಬಿರುದು ಬಂದದ್ದೂ 1937ರಲ್ಲೇ. ಮುಂದಿನ ಎರಡು ಮೂರು ವರ್ಷಗಳಲ್ಲಿ ಕಾಯಿದೆಗಳು ಒಂದರ ಹಿಂದೆ ಒಂದು ಬಂದವು.

1938ರಲ್ಲಿ ಲೇವಾದೇವಿಗಾರರ ನೋಂದಣಿ ಕಾಯಿದೆ. ಲೈಸೆನ್ಸ್ ಇಲ್ಲದವನು ಸಾಲ ವಸೂಲಿಗೆ ದಾವೆ ಹೂಡುವಂತಿಲ್ಲ. ಅದೇ ವರ್ಷ ಅಡವಿಟ್ಟ ಭೂಮಿಯನ್ನು ಹಿಂದಿರುಗಿಸುವ ಕಾಯಿದೆ. ಇದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಒಕ್ಕಲಿಗರ ಭೂಮಿ ಇತರರ ಪಾಲಾಗದಂತೆ ತಡೆಯುವ ಒಂದು ಕಾಯಿದೆ ಪಂಜಾಬಿನಲ್ಲಿ 1901ರ ಜೂನ್ 8ರಿಂದ ಜಾರಿಯಲ್ಲಿತ್ತು. ಆದರೆ ಅದಕ್ಕೂ ಮೊದಲು ಅಡವಿಟ್ಟ ಜಮೀನುಗಳು ಸಾಹುಕಾರರಲ್ಲೇ ಉಳಿದಿದ್ದವು. ತಾತ ಅಡವಿಟ್ಟ ಹೊಲದಲ್ಲಿ ಮೊಮ್ಮಗ ಗೇಣಿಗೆ ದುಡಿಯುತ್ತಿದ್ದ. ಅಷ್ಟು ವರ್ಷಗಳ ಫಸಲಿನಿಂದ ಸಾಹುಕಾರನಿಗೆ ಅಸಲಿನ ಎರಡರಷ್ಟು ಸಂದಿದ್ದರೆ ಭೂಮಿಯನ್ನು ಬಿಡಿಗಾಸೂ ಇಲ್ಲದೆ ಬಿಟ್ಟುಕೊಡಬೇಕು ಎಂದು ಹೊಸ ಕಾಯಿದೆ ಹೇಳಿತು. ಇದಕ್ಕೆ ಕೋರ್ಟು ಹತ್ತಬೇಕಾಗಿರಲಿಲ್ಲ, ಜಿಲ್ಲಾ ಕಲೆಕ್ಟರರಿಗೆ ಅರ್ಜಿ ಕೊಟ್ಟರೆ ಸಾಕಿತ್ತು. ಲಕ್ಷಾಂತರ ಎಕರೆ ಭೂಮಿ ಹೀಗೆ ಮೂಲ ಒಡೆಯರ ಮನೆಗೆ ಮರಳಿತು.

ಸಾಲದ ಬಾಗಿಲು ಒಂದಾದರೆ ರೈತನ ಹಣ ಸೋರುವ ಇನ್ನೊಂದು ಬಾಗಿಲು ಪೇಟೆ. ಮಾಲು ತಂದ ರೈತನಿಂದ ದಲ್ಲಾಳಿ, ತೂಕದ ಕೂಲಿ, ಹಮಾಲಿ, ಗುಮಾಸ್ತನ ಪಾಲು, ಕಸರು ಎಂದು ಕಳೆಯುತ್ತಿದ್ದರು. ಅದರ ಮೇಲೆ ಗೋಶಾಲೆಗೆ, ಧರ್ಮಶಾಲೆಗೆ ಎಂದು ಧರ್ಮದ ಹೆಸರಿನ ವಸೂಲಿ. ಧರ್ಮ ಮಾಡಿದವರೆಂಬ ಹೆಸರು ಅಂಗಡಿಯವರಿಗೆ, ಹಣ ಮಾತ್ರ ರೈತನದು. ತೂಕದ ಕಲ್ಲುಗಳು ಊರಿಗೊಂದು ತರಹ. ರೂಪಾಯಿ ಬೆಲೆಯ ಮಾಲಿನಲ್ಲಿ ಒಕ್ಕಲಿಗನ ಕೈಗೆ ಬರುವುದು ಹತ್ತಾಣೆಯ ಆಸುಪಾಸು ಎಂಬುದು ಛೋಟು ರಾಮ್ ಅವರ ಮುಖ್ಯ ದೂರಾಗಿತ್ತು.

1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಇದಕ್ಕೆ ಉತ್ತರ. ಪೇಟೆಗೊಂದು ಸಮಿತಿ, ವರ್ತಕರಿಗೆ ಲೈಸೆನ್ಸ್, ಗೊತ್ತುಮಾಡಿದ ಖರ್ಚನ್ನು ಬಿಟ್ಟು ಬೇರೇನನ್ನೂ ಕಳೆಯುವಂತಿಲ್ಲ. ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಗಾರರು. 1941ರಲ್ಲಿ ತೂಕ ಮತ್ತು ಅಳತೆಯ ಕಾಯಿದೆಯೂ ಬಂತು. ಪಟ್ಟಣಗಳಲ್ಲಿ ವಿರೋಧ ಭುಗಿಲೆದ್ದಿತು, ಅಂಗಡಿಗಳು ಮುಚ್ಚಿದವು. ಲಕ್ಷಾಧಿಪತಿಗೆ ಸಮನಾಗಿ ನೇಗಿಲು ಹಿಡಿಯುವವನು ಸಮಿತಿಯ ಕುರ್ಚಿಯಲ್ಲಿ ಕೂರುವುದೇ ಎಂಬ ಅಸಮಾಧಾನ ಕೆಲವರದು. ರೈತರು ಇವನ್ನು ಬಂಗಾರದ ಕಾಯಿದೆಗಳೆಂದರೆ, ಎದುರಾಳಿಗಳು ಕರಾಳ ಕಾಯಿದೆಗಳೆಂದರು. ಅಂದು ತಂದೆಗೆ ಪಂಖಾದ ಹಗ್ಗ ಕೊಟ್ಟಿದ್ದರು. ಮಗ ಅಂಥ ತಂದೆಯರಿಗೆ ಕುರ್ಚಿ ಕೊಡಿಸಿದ.

ಕೊರತೆಗಳೂ ಇದ್ದವು

ದೊಡ್ಡವರ ಜೀವನ ಹೇಳುವಾಗ ಕೊರತೆಗಳನ್ನು ಮುಚ್ಚಿಡಬಾರದು. ಪಂಜಾಬಿನ ಭೂಮಿ ಕಾಯಿದೆ ಯಾರು ಒಕ್ಕಲಿಗರು ಎಂಬುದನ್ನು ಜಾತಿಯ ಪಟ್ಟಿಯಿಂದ ತೀರ್ಮಾನಿಸುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿಲ್ಲದ ದಲಿತರು, ಕೂಲಿಕಾರರು ಹೊಲದಲ್ಲೇ ಬೆವರು ಸುರಿಸಿದರೂ ಭೂಮಿ ಕೊಳ್ಳುವುದು ಕಷ್ಟವಾಗಿತ್ತು. ಪೇಟೆಯ ಸಾಹುಕಾರ ಹಿಂದೆ ಸರಿದ ಕಡೆ ಊರಿನ ದೊಡ್ಡ ಹಿಡುವಳಿದಾರನೇ ಸಾಹುಕಾರನಾದ ಉದಾಹರಣೆಗಳಿದ್ದವು. ಬಡ ಹಿಡುವಳಿದಾರನಿಗೆ ಬೇಕಾದ ಸಾಲವೆಲ್ಲವನ್ನೂ ಕೊಡುವಷ್ಟು ಸಹಕಾರ ಸಂಘಗಳು ಆಗ ಬೆಳೆದಿರಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ಹೊತ್ತಿನಲ್ಲಿ, ಗೋಧಿಗೆ ಬೆಲೆಯ ಮಿತಿ ಹಾಕುವುದನ್ನು ಛೋಟು ರಾಮ್ ವಿರೋಧಿಸಿದರು. ಬೆಳೆದವನಿಗೆ ನಷ್ಟವಾಗಬಾರದೆಂಬುದು ಅವರ ವಾದ. ಉಣ್ಣುವವನ ಗತಿಯೇನು ಎಂಬುದು ಟೀಕಾಕಾರರ ಪ್ರಶ್ನೆ. ಎರಡೂ ಸುಲಭವಾಗಿ ತಳ್ಳಿಹಾಕುವ ಮಾತುಗಳಲ್ಲ.

ಕೊನೆಯ ದಿನಗಳಲ್ಲಿ ಅವರು ಹಚ್ಚಿಕೊಂಡಿದ್ದ ಕೆಲಸ ನೀರಿನದು. ಸತ್ಲಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಿದರೆ ತಮ್ಮ ಕಡೆಯ ಒಣಭೂಮಿಗೆ ನೀರು ಬರುತ್ತದೆಂದು ಅವರ ಆಸೆ. ಜಮೀನು ಮುಳುಗುವ ಬಿಲಾಸ್‌ಪುರ ಸಂಸ್ಥಾನದ ರಾಜರೊಡನೆ ಒಪ್ಪಂದದ ಮಾತುಕತೆಯನ್ನು ಮುಂದಕ್ಕೆ ಒಯ್ದರು. 1945ರ ಜನವರಿ 9ರಂದು ಲಾಹೋರಿನಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಎರಡೂವರೆ ವರ್ಷದಲ್ಲಿ ಪ್ರಾಂತವೇ ಎರಡು ಹೋಳಾಯಿತು. ಮತಭೇದವಿಲ್ಲದ ರೈತಪಕ್ಷವೆಂಬ ಅವರ ಕನಸು ಅದರೊಡನೆ ಮುಗಿಯಿತು. ಭಾಕ್ರಾ ಅಣೆಕಟ್ಟು 1963ರಲ್ಲಿ ದೇಶಕ್ಕೆ ಅರ್ಪಿತವಾಯಿತು. ಅದರ ನೀರನ್ನು ನೋಡಲು ಅವರಿರಲಿಲ್ಲ.

ನಮಗೆ ಇದರಿಂದ ಏನು?

ಇದು ದೂರದ ಪಂಜಾಬಿನ ಕಥೆ ಎನ್ನಬೇಡಿ. ಪಂಜಾಬಿನ ಮಾರುಕಟ್ಟೆ ಕಾಯಿದೆ ಬಂದ 1939ರಲ್ಲೇ ಮುಂಬಯಿ ಪ್ರಾಂತದಲ್ಲಿಯೂ ಅಂಥ ಕಾಯಿದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ ಆಗ ಆ ಪ್ರಾಂತದಲ್ಲಿದ್ದವು. ಏಕೀಕರಣದ ನಂತರ ಲೇವಾದೇವಿಗಾರರ ಬಗ್ಗೆ 1961ರಲ್ಲಿ, ಕೃಷಿ ಮಾರುಕಟ್ಟೆಗಳ ಬಗ್ಗೆ 1966ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯಿದೆಗಳನ್ನು ಮಾಡಿತು. 2020ರಲ್ಲಿ ಕೇಂದ್ರ ಸರ್ಕಾರ ತಂದ ಮೂರು ಕೃಷಿ ಕಾಯಿದೆಗಳ ವಿರುದ್ಧ ಪಂಜಾಬ್, ಹರಿಯಾಣದ ರೈತರು ದಿಲ್ಲಿಯ ಗಡಿಯಲ್ಲಿ ಒಂದು ವರ್ಷ ಕುಳಿತಾಗ, ಮುಖ್ಯ ವಾದ ನಡೆದದ್ದು ಈ ಮಾರುಕಟ್ಟೆ ಸಮಿತಿಗಳ ಭವಿಷ್ಯದ ಬಗ್ಗೆಯೇ. ಆ ಕಾಯಿದೆಗಳು 2021ರಲ್ಲಿ ರದ್ದಾದವು. 2025ರಲ್ಲಿ ಕಿರುಸಾಲ ಸಂಸ್ಥೆಗಳ ಕಿರುಕುಳ ತಡೆಯಲು ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿದಾಗಲೂ ಅದರಲ್ಲಿ ಮುಖ್ಯವಾದ ಅಂಶ ಸಾಲ ಕೊಡುವವರ ನೋಂದಣಿ. ಸಾಹುಕಾರನ ವೇಷ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ.

ಕಾಯಿದೆ ಮಾಡುವುದು ಸರ್ಕಾರದ ಕೆಲಸ. ಅದನ್ನು ಬಳಸುವುದು ನಿಮ್ಮ ಕೆಲಸ. ಆರು ತಿಂಗಳ ಪಟ್ಟಿ ಕೊಡಬೇಕೆಂದು ಕಾಯಿದೆ ಹೇಳಿದರೂ, ಕೇಳುವ ರೈತ ಇಲ್ಲದಿದ್ದರೆ ಕೊಡುವವರು ಯಾರು? ಅದಕ್ಕೇ ಛೋಟು ರಾಮ್ ಶಾಲೆ ಕಟ್ಟಿದರು, ಪತ್ರಿಕೆ ನಡೆಸಿದರು.

ಆದ್ದರಿಂದ ಈ ಕೆಲವು ಮಾತು ನೆನಪಿಡಿ. ಮಾಲು ಮಾರಿದಾಗ ಪಟ್ಟಿ ಕೇಳಿ ಪಡೆಯಿರಿ. ತೂಕ, ದರ, ಕಳೆತ ಮೂರನ್ನೂ ಅಲ್ಲೇ ನೋಡಿ. ಬಿಳಿ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಪಟ್ಟಿಯೆಂದು ಒಪ್ಪಬೇಡಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಸಾಲದ ಕಂತು ಕಟ್ಟಿದಾಗಲೆಲ್ಲ ರಸೀದಿ ಪಡೆದು ಒಂದು ಡಬ್ಬಿಯಲ್ಲಿ ಹಾಕಿಡಿ. ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಜಮಾ ಆಯಿತೆಂದು ಕೇಳಿ. ನಿಮಗೆ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ. ಈ ವಾಚನಾಲಯದಲ್ಲಿ ಕುಳಿತು ಪತ್ರಿಕೆ ಓದುವವರು, ಓದಲು ಬಾರದ ನೆರೆಯವರ ಪಟ್ಟಿಯನ್ನೂ ಒಮ್ಮೆ ಓದಿ ಹೇಳಿ.

ಮುಂದಿನ ಸಲ ಪೇಟೆಯಿಂದ ಬಂದಾಗ ಜೇಬಿನ ಆ ಪಟ್ಟಿಯನ್ನು ಹೊರಗೆ ತೆಗೆಯಿರಿ. ಅದನ್ನು ಓದಲು ಹತ್ತು ನಿಮಿಷ ಸಾಕು. ಅದು ನಮ್ಮ ಕೈಗೆ ಬರಲು ಒಂದು ತಲೆಮಾರಿನ ಹೋರಾಟ ಬೇಕಾಯಿತು.